13 ವರ್ಷದ ಡೆಸ್ಕ್‌ಟಾಪ್ ನಡೆಯುತ್ತಿದೆ, 6 ವರ್ಷದ ಲ್ಯಾಪ್‌ಟಾಪ್ ಯಾಕೆ ಸುಸ್ತಾಯಿತು?

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಗೆ ಹತ್ತಿಕೊಂಡೇ ಪವರ್‌ಲೂಮ್ ಶೆಡ್ ಇದೆ. 2013ರಲ್ಲಿ ಲೆಕ್ಕಪತ್ರಕ್ಕೆಂದು ಒಂದು ಡೆಸ್ಕ್‌ಟಾಪ್ ಜೋಡಿಸಿಕೊಂಡೆವು. ಅದು ಇನ್ನೂ ನಡೆಯುತ್ತಿದೆ. ಸೀರೆ ಡಿಸೈನ್‌ಗಳೂ ಅದರಲ್ಲೇ ಇವೆ. 2020ರಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಲ್ಯಾಪ್‌ಟಾಪ್ ಕೊಡಿಸಿದೆವು. ಅದರ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿಲ್ಲ. ಬೇಸಿಗೆಯಲ್ಲಿ ಕಾದು ತಾನೇ ಆಫ್ ಆಗುತ್ತದೆ. ಚಾರ್ಜಿಗೆ ಹಾಕಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಗಳು ಹೊಸದು ಬೇಕು ಅನ್ನುತ್ತಾಳೆ. ಮನೆಯವರು ಹಳೇ ಕಾಲದ ಗಟ್ಟಿ ಮಾಲು ಈಗ ಬರಲ್ಲ, ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಒಂದು ಕಂಪ್ಯೂಟರ್ ನಿಜವಾಗಿ ಎಷ್ಟು ವರ್ಷ ಬಾಳಬೇಕು?

ಉತ್ತರ: ನಮಸ್ಕಾರ ಅಕ್ಕಾ. ನಿಮ್ಮ ಪತ್ರದಲ್ಲಿ ಬ್ಯಾಟರಿ, ಬಿಸಿ, ಮಗಳ ಬೇಡಿಕೆ ಎಲ್ಲ ಇದೆ. ನನ್ನ ಕಣ್ಣು ನಿಂತದ್ದು ಮಾತ್ರ ಎರಡನೇ ವಾಕ್ಯದ ಮೇಲೆ. ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್ ಇದೆ ಅಂದಿರಿ. ಅರ್ಧ ಉತ್ತರ ಅಲ್ಲೇ ಇದೆ.

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ನನಗೆ 20 ವರ್ಷ ದಾಟಿತು. ಬನಹಟ್ಟಿ, ರಬಕವಿ, ಇಳಕಲ್, ಗುಳೇದಗುಡ್ಡದಿಂದ ಬಂದ ಲ್ಯಾಪ್‌ಟಾಪ್ ಅಂದರೆ ಹಿಂದಿನ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ. ಊರು ಕೇಳಬೇಕಾಗಿಲ್ಲ. ಬೇರೆ ಕಡೆಯ ಮಷೀನಿನಲ್ಲಿ ಧೂಳು ಪುಡಿಪುಡಿಯಾಗಿ ಇರುತ್ತದೆ, ಬ್ರಷ್ ಆಡಿಸಿದರೆ ಉದುರುತ್ತದೆ. ಮಗ್ಗದ ಊರಿನದರಲ್ಲಿ ಫ್ಯಾನಿಗೂ ಅದರ ಮುಂದಿನ ಹೀಟ್ ಸಿಂಕ್‌ಗೂ ನಡುವೆ ನೂಲಿನ ಜುಂಗು ಒತ್ತಾಗಿ ಕೂತು ಕಂಬಳಿಯ ತುಂಡಿನ ಹಾಗೆ ಆಗಿರುತ್ತದೆ. ಚಿಮಟದಲ್ಲಿ ಒಂದು ಮೂಲೆ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ಸಲ ಬರುತ್ತದೆ. ಉದ್ದ ಕಿರುಬೆರಳಿನಷ್ಟು, ದಪ್ಪ ನಾಣ್ಯದಷ್ಟು. ಹೋದ ಬೇಸಿಗೆಯಲ್ಲಿ ಒಂದರಿಂದ ತೆಗೆದ ಪಟ್ಟಿ ಕಡುಗೆಂಪಾಗಿತ್ತು, ಅಲ್ಲಲ್ಲಿ ಹಳದಿ ಎಳೆ. ಆ ಮನೆಯಲ್ಲಿ ಆ ವರ್ಷ ಯಾವ ಬಣ್ಣದ ಸೀರೆ ನೇಯ್ದರು ಅಂತ ಅದನ್ನು ನೋಡಿಯೇ ಹೇಳಬಹುದಿತ್ತು.

ಆ ಪಟ್ಟಿ ಕೂತರೆ ಏನಾಗುತ್ತದೆ ನೋಡಿ. ಪ್ರೊಸೆಸರ್‌ನ ಬಿಸಿಯನ್ನು ಒಂದು ತಾಮ್ರದ ಕೊಳವೆ ಹೊತ್ತು ತಂದು ಹೀಟ್ ಸಿಂಕ್‌ಗೆ ಕೊಡುತ್ತದೆ. ಅಲ್ಲಿ ಕಾಗದದಷ್ಟು ತೆಳುವಾದ ಲೋಹದ ಎಲೆಗಳು ಸಾಲಾಗಿ ಇರುತ್ತವೆ. ಫ್ಯಾನು ಆ ಎಲೆಗಳ ಸಂದಿಯಲ್ಲಿ ಗಾಳಿ ನೂಕುತ್ತದೆ. ಸಂದಿಗಳು ಎಷ್ಟು ಸಣ್ಣವೆಂದರೆ ಜುಂಗಿನ ಒಂದು ಪದರ ಸಾಕು, ಗಾಳಿ ನಿಂತುಬಿಡುತ್ತದೆ. ಫ್ಯಾನು ಜೋರಾಗಿ ಕೂಗುತ್ತದೆ, ಗಾಳಿ ಮಾತ್ರ ಹೊರಗೆ ಬರುವುದಿಲ್ಲ. ಪ್ರೊಸೆಸರ್ 95-100 ಡಿಗ್ರಿಗೆ ಹೋದಾಗ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಗ ನಮಗೆ ‘ಸ್ಲೋ ಆಗಿದೆ’ ಅನ್ನಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ತನ್ನ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮಾಡುತ್ತಿರುವುದು ಇದೇ. ಅದು ಕೆಟ್ಟಿಲ್ಲ, ಉಸಿರು ಕಟ್ಟಿದೆ.

ನಮ್ಮ ಬಿಸಿಲನ್ನೂ ಸೇರಿಸಿಕೊಳ್ಳಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಕೋಣೆಯ ಬಿಸಿ 35 ಡಿಗ್ರಿ ಮೀರಬಾರದು ಅಂತ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಕೇಳುವುದೇ ಬೇಡ. ಅಂದರೆ ನಮ್ಮ ಕಡೆ ಲ್ಯಾಪ್‌ಟಾಪ್ ವರ್ಷಕ್ಕೆ ಎರಡು ತಿಂಗಳು ತನ್ನ ಮಿತಿಯ ಆಚೆಗೇ ದುಡಿಯುತ್ತದೆ. ಅದರ ಮೇಲೆ ಮಕ್ಕಳು ಅದನ್ನು ಕೌದಿಯ ಮೇಲೆ ಇಟ್ಟುಕೊಂಡು ಓದುತ್ತಾರೆ. ಗಾಳಿ ಎಳೆದುಕೊಳ್ಳುವ ತೂತುಗಳು ಅಡಿಯಲ್ಲೇ ಇರುತ್ತವೆ, ಕೌದಿ ಅವನ್ನು ಪೂರ್ತಿ ಮುಚ್ಚುತ್ತದೆ. ಒಂದು ಮಣೆ ಅಥವಾ ರಟ್ಟಿನ ಹಲಗೆ ಕೊಟ್ಟರೂ ಎಷ್ಟೋ ಫರಕ್ ಆಗುತ್ತದೆ.

ಇನ್ನು ನಿಮ್ಮ ಡೆಸ್ಕ್‌ಟಾಪ್. ಅದು ಬಾಳಿದ್ದಕ್ಕೆ ದೊಡ್ಡ ಕಾರಣ ಅದರ ಪೆಟ್ಟಿಗೆ. ಒಳಗೆ ಗಾಳಿ ಆಡಲು ಬೇಕಾದಷ್ಟು ಜಾಗ, ಅಗಲವಾದ ಫ್ಯಾನು, ದೊಡ್ಡ ಹೀಟ್ ಸಿಂಕ್. ಅಷ್ಟೇ ಜುಂಗು ಅದರಲ್ಲೂ ಕೂತಿರುತ್ತದೆ, ಆದರೂ ಉಸಿರು ಕಟ್ಟುವುದಿಲ್ಲ. ಇನ್ನೊಂದು ಕಾರಣ ಇದೆ. ನೆನಪು ಮಾಡಿಕೊಳ್ಳಿ, 13 ವರ್ಷದಲ್ಲಿ ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಒಂದು ಸಲವಾದರೂ ಬದಲಾಗಿಲ್ಲವಾ? ಕೀಬೋರ್ಡ್, ಮೌಸ್, ಫ್ಯಾನ್? ಡೆಸ್ಕ್‌ಟಾಪ್‌ನಲ್ಲಿ ಕೆಟ್ಟದ್ದನ್ನು ಕಿತ್ತು ಬೇರೆ ಹಾಕುತ್ತೇವೆ, ಪೆಟ್ಟಿಗೆ ಅದೇ ಇರುತ್ತದೆ, ‘ನಮ್ಮ ಹಳೇ ಕಂಪ್ಯೂಟರ್ ಇನ್ನೂ ನಡೀತಿದೆ’ ಅನ್ನುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಬಹಳಷ್ಟು ಒಂದೇ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಒಂದು ಸಣ್ಣ ಭಾಗ ಹೋದರೂ ಇಡೀ ಮಷೀನ್ ಹೋಯಿತು ಅನ್ನಿಸುತ್ತದೆ.

ನಿಮ್ಮ ಮನೆಯವರ ‘ಹಳೇ ಗಟ್ಟಿ ಮಾಲು’ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2013ರಲ್ಲಿ ನಿಮ್ಮದರ ಜತೆಗೇ ಮಾರಾಟವಾದ ಎಷ್ಟೋ ಡೆಸ್ಕ್‌ಟಾಪ್‌ಗಳು ಯಾವತ್ತೋ ಗುಜರಿ ಸೇರಿವೆ. ಉಳಿದದ್ದನ್ನು ಮಾತ್ರ ನಾವು ಕಾಣುತ್ತೇವೆ. ಅದಕ್ಕೂ ಹಿಂದಿನ ಕಥೆ ಕೇಳಿ. 2000ದಿಂದ ಐದಾರು ವರ್ಷದ ತನಕ ಬಂದ ಮದರ್‌ಬೋರ್ಡ್‌ಗಳಲ್ಲಿ ಕೆಪಾಸಿಟರ್ (ಕರೆಂಟನ್ನು ಕೂಡಿಟ್ಟು ಹದವಾಗಿ ಬಿಡುವ ಭಾಗ) ಉಬ್ಬುವುದು ದೊಡ್ಡ ಪಿಡುಗಾಗಿತ್ತು, ಜಗತ್ತಿನ ತುಂಬ. ಒಳಗಿನ ದ್ರವವನ್ನೇ ಸರಿಯಾಗಿ ತಯಾರಿಸಿರಲಿಲ್ಲ. ಸಣ್ಣ ಡಬ್ಬಿಯಂಥ ಕೆಪಾಸಿಟರ್‌ನ ತಲೆ ಉಬ್ಬಿ, ಕಂದು ರಸ ಒಸರಿರುತ್ತಿತ್ತು. ನಾನು ಕೆಲಸ ಕಲಿತದ್ದೇ ಅವನ್ನು ಕಿತ್ತು ಬೆಸುಗೆ ಹಾಕುತ್ತ. ಎರಡು-ಮೂರು ವರ್ಷಕ್ಕೇ ಬೋರ್ಡ್ ಮಲಗುತ್ತಿತ್ತು. ನಿಮ್ಮದು ಜೋಡಿಸುವ ಹೊತ್ತಿಗೆ ಒಳಗೆ ದ್ರವವೇ ಇಲ್ಲದ ಗಟ್ಟಿ ಕೆಪಾಸಿಟರ್ ಬರತೊಡಗಿದ್ದವು. ನಿಮ್ಮ ಅದೃಷ್ಟ ಅಲ್ಲಿದೆ.

ಈ ಕೆಪಾಸಿಟರ್ ವಿಷಯದಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಒಳ್ಳೇದು. ದ್ರವ ಇರುವ ಕೆಪಾಸಿಟರ್ ಮೇಲೆ ‘105 ಡಿಗ್ರಿ’ ಅಂತ ಬರೆದಿರುತ್ತದೆ. ಸಾಮಾನ್ಯ ಮಾಲು ಆ ಬಿಸಿಯಲ್ಲಿ ಸುಮಾರು 2000 ಗಂಟೆ ಬಾಳುತ್ತದೆ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟು. ಇನ್ನೊಂದು 10 ಇಳಿದರೆ ನಾಲ್ಕರಷ್ಟು. ಎಸ್‌ಎಂಪಿಎಸ್, ಮಾನಿಟರ್, ಅಡಾಪ್ಟರ್ ಒಳಗೆಲ್ಲ ಇಂದಿಗೂ ಇಂಥವೇ ಇವೆ. ಫ್ಯಾನ್ ಸ್ವಚ್ಛ ಮಾಡಿ ಒಳಗಿನ ಬಿಸಿ 10 ಡಿಗ್ರಿ ಇಳಿಸಿದರೆ ನೀವು ಬರೀ ಧೂಳು ಒರೆಸಿದಂತಲ್ಲ, ಆ ಭಾಗಗಳಿಗೆ ವರ್ಷಗಟ್ಟಲೆ ಆಯಸ್ಸು ಕೊಟ್ಟಂತೆ.

ಬ್ಯಾಟರಿಗೆ ಬರೋಣ. ಲಿಥಿಯಂ ಬ್ಯಾಟರಿ ಸವೆಯುವ ಪದಾರ್ಥ, ಅದರಲ್ಲಿ ಯಾರ ತಪ್ಪೂ ಇಲ್ಲ. 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬಿದರೆ ಅದರ ಹಿಡಿತ 80 ಪರ್ಸೆಂಟಿನ ಹತ್ತಿರ ಇಳಿಯುತ್ತದೆ. ಆದರೆ ನಮ್ಮ ಕಡೆ ಬ್ಯಾಟರಿ ಬಳಸಿ ಸವೆಯುವುದಕ್ಕಿಂತ ಸುಮ್ಮನೆ ಬಿಸಿಯಲ್ಲಿ ತುಂಬಿ ಕೂತು ಸಾಯುವುದೇ ಜಾಸ್ತಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಸುಮಾರು ಐದನೇ ಒಂದು ಪಾಲು ಶಕ್ತಿ ಹೋಗುತ್ತದೆ. 40 ಡಿಗ್ರಿಯಲ್ಲಿ ಇಟ್ಟರೆ ಮೂರನೇ ಒಂದು ಪಾಲು. ಅದೇ 40 ಪರ್ಸೆಂಟ್ ಮಾತ್ರ ತುಂಬಿಸಿ ತಂಪಲ್ಲಿಟ್ಟರೆ ನೂರಕ್ಕೆ ನಾಲ್ಕೋ ಐದೋ, ಅಷ್ಟೇ. ದಿನವಿಡೀ ಚಾರ್ಜಿಗೆ ಹಾಕಿಯೇ ಇಡುವವರಿಗೆ ನಾನು ಹೇಳುವುದು ಒಂದೇ: ಸೆಟ್ಟಿಂಗ್‌ನಲ್ಲಿ ಬ್ಯಾಟರಿಯನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದೆ, ಅದನ್ನು ಹಾಕಿಬಿಡಿ. ಮಗಳಿಗೆ ಹೊಸ ಬ್ಯಾಟರಿ ಹಾಕಿಸಿದ ದಿನವೇ ಇದನ್ನೂ ಮಾಡಿ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪನ್ನು ಟೇಬಲ್ ಮೇಲಿಟ್ಟಾಗ ಒಂದು ಮೂಲೆ ಆಡುತ್ತಿದೆಯಾ? ಟಚ್‌ಪ್ಯಾಡ್ ಮೇಲೆ ಎದ್ದ ಹಾಗಿದೆಯಾ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲವಾ? ಹಾಗಿದ್ದರೆ ಬ್ಯಾಟರಿ ಉಬ್ಬಿದೆ. ಅವತ್ತಿಗೇ ಬಳಸುವುದು, ಚಾರ್ಜ್ ಮಾಡುವುದು ಎರಡೂ ನಿಲ್ಲಿಸಿ. ಚುಚ್ಚಬೇಡಿ, ಒತ್ತಿ ಕೂರಿಸಬೇಡಿ. ಒಳಗಿನ ಗಾಳಿ ಹೊರಗೆ ಹೋಗಲಿ ಅಂತ ಸೂಜಿ ಹಾಕಲು ಹೋದವರನ್ನು ನೋಡಿದ್ದೇನೆ. ಬೆಂಕಿ ಹತ್ತುತ್ತದೆ. ಅದರಲ್ಲೂ ನಿಮ್ಮದು ನೂಲು ತುಂಬಿದ ಮನೆ.

ಈಗ ಜುಮ್ ಅನ್ನುವ ವಿಷಯ. ಇದನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆದದ್ದು ಅದೇ. ಅಡಾಪ್ಟರ್ ಒಳಗೆ ಕರೆಂಟಿನ ಗದ್ದಲ ತಡೆಯುವ ಸಣ್ಣ ಕೆಪಾಸಿಟರ್ ಇರುತ್ತದೆ. ಅದರಿಂದ ಬಹಳ ಸಣ್ಣ ಪ್ರಮಾಣದ ಕರೆಂಟು ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಮೂರನೇ ಪಿನ್ನು ಸರಿಯಿದ್ದರೆ ಅದು ಅರ್ಥಿಂಗ್ ಮೂಲಕ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಕೈ ಮೂಲಕ ಹೋಗುತ್ತದೆ. ಅಡಾಪ್ಟರ್ ಸರಿಯಾಗಿದ್ದರೆ ಅಷ್ಟರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಮೂರು ಪಿನ್ನಿನ ಪ್ಲಗ್ ಹಾಕಿಯೂ ಜುಮ್ ಅನ್ನುತ್ತಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಪಕ್ಕದಲ್ಲಿ ಮಗ್ಗದ ಮೋಟಾರುಗಳಿವೆ. ಅವುಗಳ ಕಬ್ಬಿಣದ ಮೈಗೆ ಕರೆಂಟ್ ಬಂದರೆ ಕಾಯುವುದಕ್ಕೆ ಇರುವುದು ಅದೇ ಅರ್ಥಿಂಗ್. ಹಾಗಾಗಿ ಕಂಪ್ಯೂಟರ್ ಬದಿಗಿರಲಿ, ಈ ಕೆಲಸ ಮೊದಲು.

ನಮ್ಮ ಎರೆ ಭೂಮಿಗೂ ಇದಕ್ಕೂ ನೇರ ಸಂಬಂಧ ಇದೆ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಹಿಡಿದು ಉಬ್ಬುತ್ತದೆ, ಆಗ ಅರ್ಥಿಂಗ್ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತದೆ. ಅರ್ಥಿಂಗ್ ಗುಂಡಿಯ ಸುತ್ತ ಮಣ್ಣು ಬಿಟ್ಟುಕೊಳ್ಳುತ್ತದೆ, ಒಣಗಿದ ಮಣ್ಣಿನಲ್ಲಿ ಕರೆಂಟ್ ಇಳಿಯುವುದಿಲ್ಲ. ಜೂನ್‌ನಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಜುಮ್ ಅನ್ನುವುದು ಅದಕ್ಕೇ. ಎಲೆಕ್ಟ್ರಿಷಿಯನ್ ಕರೆಸಿ ಗುಂಡಿಯ ತಂತಿ ತುಕ್ಕು ಹಿಡಿದಿದೆಯಾ ನೋಡಿಸಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಅಳೆಸಿ. ಎರಡು-ಮೂರು ವೋಲ್ಟ್ ಒಳಗಿದ್ದರೆ ಸಮಾಧಾನ. ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಸಲ ಗುಂಡಿಗೆ ಕೊಡ ನೀರು ಹಾಕುವುದನ್ನು ರೂಢಿ ಮಾಡಿಕೊಳ್ಳಿ. ನಮ್ಮ ಅಂಗಡಿಯಲ್ಲಿ ತುಳಸಿಗೆ ನೀರು ಹಾಕಿದ ಮೇಲೆ ಉಳಿದದ್ದು ಆ ಗುಂಡಿಗೇ.

ಅದೇ ಎಲೆಕ್ಟ್ರಿಷಿಯನ್‌ಗೆ ಮೀಟರ್ ಹತ್ತಿರದ ನ್ಯೂಟ್ರಲ್ ಸಡಿಲ ಇದೆಯಾ ಅಂತಲೂ ನೋಡಲು ಹೇಳಿ. ಮೂರು ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಬಿಟ್ಟರೆ 230 ಇರಬೇಕಾದ ಸಾಕೆಟ್ಟಿನಲ್ಲಿ 400ರ ತನಕ ಬರಬಹುದು. ಒಂದೇ ಏಟಿಗೆ ಟಿವಿ, ಫ್ರಿಜ್, ಕಂಪ್ಯೂಟರ್ ಎಲ್ಲ ಹೋಗುತ್ತವೆ. ವೋಲ್ಟೇಜ್ ಕಡಿಮೆ ಆಗುವುದಕ್ಕೆ ಮಾತ್ರ ಜಾಸ್ತಿ ಹೆದರಬೇಡಿ. ಲ್ಯಾಪ್‌ಟಾಪ್ ಅಡಾಪ್ಟರ್ 100ರಿಂದ 240ರ ತನಕ ನಡೆಯುತ್ತದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಅದರ ಬ್ಯಾಟರಿ ನಮ್ಮ ಬಿಸಿಗೆ ಎರಡು-ಮೂರು ವರ್ಷಕ್ಕೇ ಮುಗಿಯುತ್ತದೆ, ಬದಲಾಯಿಸದೆ ಇಟ್ಟರೆ ಯುಪಿಎಸ್ ಇದ್ದೂ ಇಲ್ಲದ ಹಾಗೆ. ಸಾಧ್ಯವಾದರೆ ಕಂಪ್ಯೂಟರಿಗೆ ಮಗ್ಗದ ಲೈನ್ ಬಿಟ್ಟು ಬೇರೆ ಲೈನ್ ಎಳೆಸಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ನಿಮ್ಮ ಲೆಕ್ಕಪತ್ರ ಮತ್ತು ಸೀರೆ ಡಿಸೈನ್‌ಗಳು 2013ರ ಆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇವೆಯಾ? ಪತ್ರದಲ್ಲಿ ಬೇರೆ ಕಡೆ ಕಾಪಿ ಇದೆ ಅಂತ ನೀವು ಬರೆದಿಲ್ಲ. ಬೋರ್ಡ್ ಹೋದರೆ ಬೋರ್ಡ್ ಸಿಗುತ್ತದೆ, ಎಸ್‌ಎಂಪಿಎಸ್ ಸುಟ್ಟರೆ ಇನ್ನೊಂದು ಸಿಗುತ್ತದೆ. 13 ವರ್ಷದ ಡಿಸೈನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತವೆ. ಓದುವ ಸೂಜಿ ತಟ್ಟೆಗೆ ತಾಗದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ಅದು ಸವೆಯುವ ಯಂತ್ರ. ಕೆಲವು ವರ್ಷದ ಹಿಂದೆ ಒಬ್ಬ ಫೋಟೋಗ್ರಾಫರ್ ನನ್ನ ಬಳಿ ಒಂದು ಡಿಸ್ಕ್ ತಂದರು. ಕರೆಂಟ್ ಕೊಟ್ಟರೆ ಟಿಕ್, ಟಿಕ್, ಟಿಕ್, ಆಮೇಲೆ ಮೌನ. ಮತ್ತೆ ಟಿಕ್. ಆ ಸಪ್ಪಳ ಕೇಳಿದಾಗ ನಮ್ಮಂಥವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಅದರಲ್ಲಿ ಆ ವರ್ಷದ ಎಲ್ಲ ಮದುವೆ ಫೋಟೋಗಳಿದ್ದವು. ಅವರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವತ್ತಿನಿಂದ ನಾನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಮೊದಲು ಕೇಳುವ ಪ್ರಶ್ನೆ, ಕಾಪಿ ಇದೆಯಾ?

ಕೆಲವು ಡಿಸ್ಕ್‌ಗಳು ಸಾಯುವ ಮುಂಚೆ ಸೂಚನೆ ಕೊಡುತ್ತವೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಹಾಕಿ ನೋಡಿ. ‘ರಿಅಲೊಕೇಟೆಡ್ ಸೆಕ್ಟರ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲುಗಳಲ್ಲಿ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ ಅದು) ಸೊನ್ನೆ ಬಿಟ್ಟು ಬೇರೆ ಅಂಕಿ ಬಂದು ಅದು ಏರುತ್ತಿದ್ದರೆ ತಡ ಮಾಡಬೇಡಿ. ಗೂಗಲ್‌ನವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಪರೀಕ್ಷೆಯಲ್ಲಿ ಮೊದಲ ತಪ್ಪು ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಂಭವ, ತಪ್ಪು ಕಾಣದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಇತ್ತು. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇತ್ತು: ಯಾವ ಸೂಚನೆಯನ್ನೂ ಕೊಡದೆ ಸತ್ತ ಡಿಸ್ಕ್‌ಗಳೂ ಬಹಳ ಇದ್ದವು. ಹಾಗಾಗಿ ಸೊನ್ನೆ ಕಂಡಿತು ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಎರಡು ಕಾಪಿ ಮಾಡಿ. ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಅದನ್ನು ಬೇರೆ ಮನೆಯಲ್ಲಿ ಇಡಿ, ತಂಗಿ ಮನೆಯೋ ತವರು ಮನೆಯೋ. ಇನ್ನೊಂದು ಇಂಟರ್‌ನೆಟ್ಟಿನಲ್ಲಿ. ಪೆನ್‌ಡ್ರೈವ್ ನಂಬಬೇಡಿ. ಆಮೇಲೆ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಮಾಹಿತಿ ಇಡುವ ಡಿಸ್ಕ್) ಹಾಕಿಸಿ. ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅನ್ನುವ ಭಯ ನಿಮಗೆ ಬೇಡ. 500 ಜಿಬಿಯ ಸಾಧಾರಣ ಎಸ್‌ಎಸ್‌ಡಿ ಮೇಲೆ 300 ಟಿಬಿಯಷ್ಟು, ಅಂದರೆ 3 ಲಕ್ಷ ಜಿಬಿ, ಬರೆಯಬಹುದು ಅಂತ ತಯಾರಕರು ಹೇಳುತ್ತಾರೆ. ದಿನಕ್ಕೆ 20 ಜಿಬಿ ಬರೆದರೂ ಅದು 40 ವರ್ಷದ ಕೆಲಸ. ಆದರೆ ಅದು ಕೆಟ್ಟಾಗ ಟಿಕ್ ಅನ್ನುವುದೂ ಇಲ್ಲ, ನಿನ್ನೆ ಇತ್ತು, ಇವತ್ತು ಇಲ್ಲ. ಕಾಪಿ ಆಗಲೂ ಬೇಕೇ ಬೇಕು.

ಡೆಸ್ಕ್‌ಟಾಪ್ ಆನ್ ಮಾಡಿದಾಗ ತಾರೀಖು ಹಳೇ ವರ್ಷಕ್ಕೆ ಹೋಗಿದ್ದರೆ, ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಅಂತ ತೆರೆಯದಿದ್ದರೆ ಗಾಬರಿ ಬೇಡ. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇದೆ, ಸಿಆರ್ 2032. ಅದನ್ನು ಬದಲಾಯಿಸಿದರೆ ಮುಗಿಯಿತು.

ಆ ಡೆಸ್ಕ್‌ಟಾಪಿಗೆ ಇರುವ ನಿಜವಾದ ಕೊನೆ ಬೇರೆ ಕಡೆಯಿಂದ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು, ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ಪು ಬೇಕು. 2013ರ ಮಷೀನ್ ಅದಕ್ಕೆ ಒಗ್ಗುವುದಿಲ್ಲ. ನಡೆಯುವ ಮಷೀನನ್ನು ಹೀಗೆ ಮೂಲೆಗೆ ಕೂರಿಸುವುದು ನನಗೆ ಇವತ್ತಿಗೂ ನೋವಿನ ಸಂಗತಿ. ನೀವು ಅದನ್ನು ಎಸೆಯಬೇಡಿ. ಇಂಟರ್‌ನೆಟ್ ತೆಗೆದು ಲೆಕ್ಕ ಮತ್ತು ಡಿಸೈನ್‌ಗೆ ಮಾತ್ರ ಇಟ್ಟುಕೊಳ್ಳಿ. ಬ್ಯಾಂಕ್, ಜಿಎಸ್‌ಟಿ, ಇಮೇಲ್ ಕೆಲಸವನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಮಾಡಿ. 2020ರ ಲ್ಯಾಪ್‌ಟಾಪಿಗೆ ವಿಂಡೋಸ್ 11 ಬಹುತೇಕ ಕೂರುತ್ತದೆ.

ಬೆಳಗಾವಿ, ಖಾನಾಪುರ ಕಡೆಯ ಓದುಗರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಶತ್ರು ತೇವ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಅಂದರೆ, ಹೆಚ್ಚಿನ ಸಲ ರ‍್ಯಾಮ್ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಕರೆಂಟ್ ತೆಗೆದು, ರ‍್ಯಾಮ್ ಹೊರಗೆ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಎರಡು ದಿನವಾದರೂ ಆನ್ ಮಾಡಿ, ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ.

ಎಷ್ಟು ವರ್ಷ ಬಾಳಬೇಕು ಅಂತ ಕೇಳಿದಿರಿ. ನನ್ನ ಅನುಭವದಲ್ಲಿ ನಮ್ಮ ಕಡೆಯ ಲ್ಯಾಪ್‌ಟಾಪ್ ಹಾಗೇ ಬಿಟ್ಟರೆ ನಾಲ್ಕೈದು ವರ್ಷ, ವರ್ಷಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಿ ಒಮ್ಮೆ ಬ್ಯಾಟರಿ ಬದಲಿಸಿದರೆ ಎಂಟು ವರ್ಷ ಆರಾಮ. ಡೆಸ್ಕ್‌ಟಾಪ್ ಹತ್ತು-ಹನ್ನೆರಡು. ನಿಮ್ಮ ಮನೆಗೆ ವರ್ಷಕ್ಕೊಮ್ಮೆ ಸಾಲದು, ಆರು ತಿಂಗಳಿಗೊಮ್ಮೆ ಮಾಡಿಸಿ. ಒಂದು ಸಲ ಬೇಸಿಗೆಗೆ ಮುಂಚೆ, ಒಂದು ಸಲ ದೀಪಾವಳಿಗೆ. ಎರಡು-ಮೂರು ವರ್ಷಕ್ಕೊಮ್ಮೆ ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಪೇಸ್ಟ್ ಹೊಸದಾಗಿ ಹಚ್ಚಿಸಿ, ಹಳೆಯದು ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಮಗ್ಗದ ಶೆಡ್ಡಿನ ಕಂಪ್ರೆಸರ್ ತಂದು ನೀವೇ ಊದಬೇಡಿ. ಆ ಗಾಳಿಯಲ್ಲಿ ನೀರಿನ ಹನಿ ಇರುತ್ತದೆ. ಜೋರಿಗೆ ಫ್ಯಾನ್ ಮಿತಿ ಮೀರಿ ತಿರುಗಿ ಅದರ ಬೇರಿಂಗ್ ಹೋಗುತ್ತದೆ. ಜುಂಗನ್ನು ಬಿಚ್ಚಿ ಕೈಯಲ್ಲೇ ತೆಗೆಯಬೇಕು.

ಹೊಸದು ಈಗಲೇ ಬೇಡ. ಮೊದಲು ಅರ್ಥಿಂಗ್, ಆಮೇಲೆ ಕಾಪಿ, ಆಮೇಲೆ ಲ್ಯಾಪ್‌ಟಾಪ್ ಸರ್ವಿಸ್ ಮತ್ತು ಬ್ಯಾಟರಿ. ಅದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಕೂಡ ಹಾಕಿಸಿ. ಮಗಳಿಗೆ ಹೊಸದೇ ಸಿಕ್ಕ ಹಾಗೆ ಅನ್ನಿಸುತ್ತದೆ. ಅವಳ ಟೇಬಲನ್ನು ಶೆಡ್ ಕಡೆಯ ಬಾಗಿಲಿನಿಂದ ದೂರದ ಕೋಣೆಗೆ ಸರಿಸಿ. ಇಷ್ಟೆಲ್ಲ ಮಾಡಿದ ಮೇಲೂ ಮೇ ತಿಂಗಳಲ್ಲಿ ಆಫ್ ಆದರೆ ದೋಷ ಬೋರ್ಡಿನಲ್ಲಿರಬಹುದು. ಆಗ ಹೊಸದು ತೆಗೆದುಕೊಳ್ಳಿ. ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳಿ: ರ‍್ಯಾಮ್ ಬಿಚ್ಚಲು ಬರುತ್ತದಾ, ಬ್ಯಾಟರಿ ಐದು ವರ್ಷದ ಮೇಲೂ ಸಿಗುತ್ತದಾ?